ಪೆಡಲ್ ಮತ್ತು ಕಾಲು

ಭದ್ರಾವತಿಯ ಮಾಮು ಮನೆಯಲ್ಲಿ ಕಂಪ್ಯೂಟರಿಗೆ ಸ್ಟಿಯರಿಂಗ್, ಪೆಡಲ್ ಜೋಡಿಸಿದ್ದಾರೆ. ರಜೆ ಬಂದರೆ ಶಿವಮೊಗ್ಗದಿಂದ ಬಸ್ ಹತ್ತಿ ಅಲ್ಲಿಗೇ ಹೋಗುತ್ತೇನೆ. ನನಗಿರುವುದು ವೇಗದ ಹುಚ್ಚಲ್ಲ, ಬ್ರೇಕಿನ ಹುಚ್ಚು. ತಿರುವಿಗೆ ಮುಂಚೆಯೇ ಗಟ್ಟಿಯಾಗಿ ಒತ್ತಬೇಕು, ಸ್ಟಿಯರಿಂಗ್ ತಿರುಗಿಸುತ್ತಾ ಕಾಲನ್ನು ಮೆಲ್ಲಗೆ ಸಡಿಲಿಸಬೇಕು. ಟೈರಿನ ಹಿಡಿತವನ್ನೆಲ್ಲ ಬ್ರೇಕೇ ತಿಂದುಬಿಟ್ಟರೆ ತಿರುಗಲು ಏನೂ ಉಳಿಯುವುದಿಲ್ಲ. ಮುಂದಿನ ಚಕ್ರ ಲಾಕ್ ಆಗಿ ಕಾರು ನೆಟ್ಟಗೆ ಹೋಗುತ್ತದೆ. ಫಿಸಿಕ್ಸಿನಲ್ಲಿ ಬರುವ ವೇಗದ ವರ್ಗ ನನಗೆ ಅರ್ಥವಾದದ್ದೂ ಇಲ್ಲೇ: ಬ್ರೇಕ್ ಒತ್ತಿದ ಮೇಲೆ, 40 ಕಿ.ಮೀ. ವೇಗಕ್ಕಿಂತ 80ರಲ್ಲಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು.

ಅಬ್ಬಾ ಈ ಎರಡು ಊರುಗಳ ನಡುವೆ ಗೂಡ್ಸ್ ಗಾಡಿ ಓಡಿಸುತ್ತಾರೆ. ಮಳೆಗಾಲದಲ್ಲಿ ತಡವಾದರೆ ಅಮ್ಮಿ ಬಾಗಿಲಲ್ಲೇ ನಿಂತಿರುತ್ತಾರೆ. ಆಟದ ಕಾರಿನಲ್ಲಿ ಸಿಮೆಂಟ್ ಮೂಟೆಗಳಿಲ್ಲ, ಅಡ್ಡ ಬರುವ ದನಗಳೂ ಇಲ್ಲ. ನನಗೆ ಹದಿನೆಂಟು ತುಂಬಿ ಎಲ್‌ಎಲ್ ಬಂದ ಮೇಲೆ ಅಬ್ಬಾ ಪಕ್ಕದಲ್ಲಿ ಕೂರುತ್ತಾರಂತೆ. ಮೊದಲು ಖಾಲಿ ಗಾಡಿ, ಆಮೇಲೆ ಮೂಟೆ.