ಮುಳ್ಳುಬೇಲಿಯ ಕೂಡುಕುಟುಂಬ

ಕೂಡ್ಲಿಗಿ ಬಿಟ್ಟು ಕೊಟ್ಟೂರಿನ ಕಡೆ ಬಸ್ಸು ಹೊರಟಿತೆಂದರೆ ಕಿಟಕಿಯಾಚೆ ಕಾಣುವುದು ಜೋಳದ ಹೊಲ, ಕಲ್ಲುಗುಡ್ಡ, ಮುಳ್ಳುಕಂಟಿ. ಹಗರಿಬೊಮ್ಮನಹಳ್ಳಿ, ಮಲ್ಲಿಗೆಯ ಹಡಗಲಿ, ಹರಪನಹಳ್ಳಿ, ಎತ್ತ ಹೋದರೂ ಜಾಲಿ, ಕಾರೆಯ ಬೇಲಿ ಜೊತೆಗೇ ಬರುತ್ತದೆ. ಇಂಥ ಒಣನಾಡಿನ ಬೇಲಿಗಳಲ್ಲಿ ಒಮ್ಮೊಮ್ಮೆ ಚಿಂದಿಬಟ್ಟೆ ಸಿಕ್ಕಿಕೊಂಡಂತೆ ಬೂದುಬಣ್ಣದ ಮುದ್ದೆಯೊಂದು ಕಾಣುತ್ತದೆ. ಅದು ಸಂಘಜೀವಿ ಜೇಡಗಳ ಮನೆ.

ಜೇಡಗಳು ಸಾಮಾನ್ಯವಾಗಿ ಒಂಟಿಜೀವಿಗಳು. ಎದುರಾದರೆ ಒಂದನ್ನೊಂದು ತಿನ್ನುವುದೂ ಉಂಟು. ಈ ಮನೆಯಲ್ಲಾದರೋ ನೂರಾರು ಜೇಡಗಳು ಒಟ್ಟಿಗೆ ಇರುತ್ತವೆ. ಮಿಡತೆ ಬಲೆಗೆ ಬಿದ್ದರೆ ಹಲವು ಸೇರಿ ಎಳೆದು ಹಂಚಿ ತಿನ್ನುತ್ತವೆ. ಬಲೆಯಲ್ಲಿ ಅಂಟಿಲ್ಲ, ಹಿಂಜಿದ ಹತ್ತಿಯಂಥ ಅತಿ ಸೂಕ್ಷ್ಮ ಎಳೆಗಳಿಗೆ ಕೀಟದ ಕಾಲು ತೊಡರಿಕೊಳ್ಳುತ್ತದೆ. ತಾಯಿ ತನ್ನ ಒಡಲನ್ನೇ ಕರಗಿಸಿ ಮರಿಗಳಿಗೆ ಉಣಿಸುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ತಿಂದುಬಿಡುತ್ತವೆ.

ಇದರ ಹೆಸರು ಸ್ಟೆಗೊಡೈಫಸ್ ಸಾರಾಸಿನೋರಮ್. ಶ್ರೀಲಂಕಾದಲ್ಲಿ ಜೀವಿಸಂಗ್ರಹ ಮಾಡಿದ ಸ್ವಿಟ್ಜರ್ಲೆಂಡಿನ ಪಾಲ್ ಮತ್ತು ಫ್ರಿಟ್ಸ್ ಸಾರಾಸಿನ್ ಎಂಬ ಸೋದರಸಂಬಂಧಿಗಳ ನೆನಪಿಗೆ 1892ರಲ್ಲಿ ಜರ್ಮನಿಯ ಫರ್ಡಿನಂಡ್ ಕಾರ್ಷ್ ಈ ಹೆಸರಿಟ್ಟರು. ಎರೆಸಿಡೇ ಕುಟುಂಬಕ್ಕೆ ಸೇರಿದ ಸ್ಟೆಗೊಡೈಫಸ್ ಚಿಕ್ಕ ಜೀನಸ್. ಸುಮಾರು 20 ಪ್ರಭೇದಗಳು. ಅವುಗಳಲ್ಲಿ ಹೀಗೆ ಕೂಡಿ ಬಾಳುವುವು ಮೂರೇ: ನಮ್ಮದೊಂದು, ಆಫ್ರಿಕದ ಮಿಮೋಸಾರಮ್ ಮತ್ತು ಡುಮಿಕೋಲ ಎರಡು.

ಹಾಗಾದರೆ ಈ ಮೂರೂ ಒಡಹುಟ್ಟುಗಳೇ? ಅಲ್ಲ. ಡಿಎನ್‌ಎ ಹೋಲಿಸಿ ನೋಡಿದಾಗ ಸಾರಾಸಿನೋರಮ್‌ಗೆ ತೀರ ಹತ್ತಿರದ ನೆಂಟ ಎಂದು ತಿಳಿದದ್ದು ಒಂಟಿಯಾಗಿ ಬಾಳುವ ಪೆಸಿಫಿಕಸ್. ಕೂಡುಬಾಳ್ವೆಯನ್ನು ಈ ಮೂರೂ ಬೇರೆಬೇರೆಯಾಗಿಯೇ ರೂಢಿಸಿಕೊಂಡಿವೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆಯ ಗಡಿಯನ್ನು ಆಡಳಿತದ ಅನುಕೂಲ ನೋಡಿ ಎಳೆಯುತ್ತಾರೆ. ಜೀವಿಗಳ ವರ್ಗೀಕರಣದಲ್ಲಿ ಹಾಗೆ ಮಾಡುವಂತಿಲ್ಲ. ಅಲ್ಲಿ ನಡತೆಯ ಹೋಲಿಕೆ ಸಾಲದು, ವಂಶದ ಸಂಬಂಧ ಬೇಕು.

ಈ ಕೂಡುಬಾಳ್ವೆಗೆ ಒಂದು ಕೊರತೆಯೂ ಇದೆ. ತಲೆಮಾರುಗಟ್ಟಲೆ ಮನೆಯೊಳಗೇ ಸಂಬಂಧ ನಡೆಯುವುದರಿಂದ ಅವುಗಳಲ್ಲಿ ವೈವಿಧ್ಯ ಕಡಿಮೆ. ರೋಗ ತಗುಲಿದರೆ ಇಡೀ ಮನೆಯೇ ಬರಿದಾಗಬಹುದು. ಬೇಲಿ ಕಡಿದು ಬೆಂಕಿ ಇಟ್ಟರಂತೂ ಮುಗಿಯಿತು.

ಮಕ್ಕಳೊಂದಿಗೆ ಹೊಲದ ಕಡೆ ಹೋದಾಗ ಇಂಥ ಮುದ್ದೆ ಕಂಡರೆ ಕೋಲಿನಿಂದ ಕೆದಕಬೇಡಿ, ಕೈಯನ್ನೂ ಹಾಕಬೇಡಿ. ಹೊತ್ತು ಮುಳುಗುವವರೆಗೆ ದೂರ ನಿಂತು ಕಾಯಿರಿ. ಬಲೆಯ ಹರುಕು ನೇಯಲು ಒಂದೊಂದಾಗಿ ಅವು ಹೊರಬರುತ್ತವೆ.