ಮೊದಲು ನೋಡು, ಅನಂತರ ಮುಟ್ಟು

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಕಮಂಡಲು, ಶಾಸ್ತ್ರ ಮುಂತಾದ ಯಾವುದೇ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಮೊದಲು ಕಣ್ಣಿನಿಂದ ನೋಡಿ, ಪಿಂಛಿಯಿಂದ ಮೃದುವಾಗಿ ಒರೆಸಿ, ಆಮೇಲೆ ಮುಟ್ಟಬೇಕೆಂಬುದು ಅದರ ತಾತ್ಪರ್ಯ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಈ ಮಾತು ನನ್ನ ಮನಸ್ಸಿಗೆ ಇಳಿದದ್ದು ಕಂಪ್ಯೂಟರಿನ ಮುಂದೆ ಎಂದರೆ ವಾಚಕರು ನಗಬಹುದು. ಆದರೂ ನಡೆದದ್ದನ್ನು ನಡೆದಂತೆಯೇ ನಿವೇದಿಸುತ್ತೇನೆ.

ನಮ್ಮ ಬಸದಿಯ ಟ್ರಸ್ಟಿನ ಹಳೆಯ ಲೆಕ್ಕದ ಪುಸ್ತಕಗಳು, ದತ್ತಿಯ ಕಾಗದಪತ್ರಗಳು, ಸಮಾಜದ ಮನೆತನಗಳ ವಂಶಾವಳಿಗಳು ಗೆದ್ದಲಿನ ಪಾಲಾಗುತ್ತಿದ್ದುದನ್ನು ಕಂಡು, ಅವುಗಳ ಪ್ರತಿಬಿಂಬ ತೆಗೆದು ಕಂಪ್ಯೂಟರಿನಲ್ಲಿ ಕಾಯ್ದಿಡುವ ಹೊಣೆಯನ್ನು ನಾನು ವಹಿಸಿಕೊಂಡಿದ್ದೆ. ಅವುಗಳೊಂದಿಗೆ ನಮ್ಮ ಜಿಲ್ಲೆಯ ಜೈನ ಸ್ಥಳಗಳ ಛಾಯಾಚಿತ್ರಗಳೂ ಸೇರಿದ್ದವು: ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಬಸದಿಗಳ ಅವಶೇಷಗಳು, ಅಲ್ಲಿನ ಗೊಮ್ಮಟ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟ ತಿಪ್ಪೂರು ಇದೇ. ಆ ದಾನ ಇಂದಿಗೂ ನಮಗೆ ತಿಳಿದಿರುವುದು ಅದನ್ನು 12ನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಬರೆಸಿದುದರಿಂದ.

ಮದ್ದೂರಿನ ನಮ್ಮ ಮನೆಯಲ್ಲಿ ಕಲ್ಲಿನ ಬದಲು ಮೂರು ಡಿಸ್ಕುಗಳಿದ್ದವು. ಮೂರನ್ನೂ ಕೂಡಿಸಿ ಒಂದೇ ಉಗ್ರಾಣವೆಂಬಂತೆ ಕಾಣಿಸುವ ‘ರೇಡ್’ ಎಂಬ ಏರ್ಪಾಟು ಅದು. ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬುವರು 1988ರ ಪ್ರಬಂಧವೊಂದರಲ್ಲಿ ಇದಕ್ಕೆ ಈ ಹೆಸರನ್ನು ಕೊಟ್ಟರು. ಅದರ ಮರ್ಮವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಒಂದು ಚೀಟಿಯಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಎಂದು ಬರೆದಿಟ್ಟರೆ, ಯಾವ ಒಂದು ಚೀಟಿ ಕಳೆದುಹೋದರೂ ಉಳಿದೆರಡರಿಂದ ಅದನ್ನು ತಿಳಿಯಬಹುದು. ಹಾಗೆಯೇ ಮೂರು ಡಿಸ್ಕುಗಳಲ್ಲಿ ಒಂದು ಕೆಟ್ಟರೂ ಮಾಹಿತಿ ಅಳಿಯದು. ಇದನ್ನು ಕೇಳಿ ತಿಳಿದಿದ್ದ ನಾನು ಟ್ರಸ್ಟಿನ ಸಭೆಯಲ್ಲಿ, “ಎಲ್ಲವೂ ಸುರಕ್ಷಿತವಾಗಿದೆ, ಯಾರೂ ಚಿಂತಿಸಬೇಕಾಗಿಲ್ಲ” ಎಂದು ಹೇಳಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ ಆ ಉಗ್ರಾಣವೇ ಕಾಣದಾಯಿತು. ಕಂಪ್ಯೂಟರ್ ಎಂದಿನಂತೆ ಎದ್ದಿತು. ಆದರೆ ಕಡತಗಳಿದ್ದ ಜಾಗ ಶೂನ್ಯ. ‘ಈ ಡಿಸ್ಕನ್ನು ಹೊಸದಾಗಿ ಸಿದ್ಧಗೊಳಿಸಲೇ?’ ಎಂದು ಪರದೆಯ ಮೇಲೆ ಪ್ರಶ್ನೆ ಮೂಡಿತ್ತು. ಜೊತೆಗಿದ್ದ ಮಿತ್ರರು “ಹೌದೆಂದು ಒತ್ತಿಬಿಡಿ, ಸರಿಹೋಗುತ್ತದೆ” ಎಂದರು. ಬೆರಳು ಮೌಸಿನ ಮೇಲಿತ್ತು. ಒತ್ತಲಿಲ್ಲ. ಅದು ವಿವೇಕವೆಂದು ಹೇಳಿಕೊಳ್ಳಲಾರೆ, ಕೇವಲ ಭಯ.

ಯಂತ್ರವನ್ನು ಮಂಡ್ಯದ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ತರುಣ ಕೇಬಲ್ಲುಗಳನ್ನು ಬಿಚ್ಚಿ ಸೇರಿಸಿ, ಏನನ್ನೋ ಬದಲಾಯಿಸಿದ, ಕಡತಗಳು ಕಂಡವು. ಸಂಜೆ ಮನೆಗೆ ತಂದಿಟ್ಟು ಮರುದಿನ ಬೆಳಿಗ್ಗೆ ಚಾಲೂ ಮಾಡಿದರೆ ಮತ್ತೆ ಮಾಯ. ಪುನಃ ಒಯ್ದೆ. “ಸಾರ್, ಯಾರೋ ಸೆಟ್ಟಿಂಗ್ ಬದಲಾಯಿಸಿದ್ದಾರೆ” ಎಂದ. ಮನೆಯಲ್ಲಿ ಅದನ್ನು ಮುಟ್ಟುವವನು ನಾನೊಬ್ಬನೇ. ಮೂರು ಡಿಸ್ಕುಗಳಲ್ಲಿ ಒಂದನ್ನು ಅವನ ಅಂಗಡಿಯಲ್ಲಿಯೇ ಕೊಂಡಿದ್ದೆ. ಹಳೆಯ ಡಿಸ್ಕನ್ನು ಹೊಸದೆಂದು ಮಾರಿ, ಈಗ ತಪ್ಪನ್ನು ನನ್ನ ಮೇಲೆ ಹೊರಿಸುತ್ತಿದ್ದಾನೆ ಎಂದು ನಿಶ್ಚಯಿಸಿ, ಗಿರಾಕಿಗಳ ಎದುರಿನಲ್ಲಿಯೇ “ಇದು ವ್ಯಾಪಾರವಲ್ಲ, ಮೋಸ” ಎಂದೆ. ಅವನು ಪ್ರತ್ಯುತ್ತರ ಕೊಡಲಿಲ್ಲ. ಹಣವನ್ನೂ ಕೇಳಲಿಲ್ಲ.

ಅನಂತರ ಮಳವಳ್ಳಿಯಿಂದ ನನ್ನ ಸೋದರಳಿಯ ಬಂದ. ಬಂದವನು ಯಂತ್ರವನ್ನು ಮುಟ್ಟಲೇ ಇಲ್ಲ. “ಮಾವ, ಯಾವ ಯಾವ ದಿನ ಹೀಗಾಯಿತು, ಹಿಂದಿನ ರಾತ್ರಿ ಏನಾಗಿತ್ತು, ನೆನಪಿದ್ದಷ್ಟನ್ನೂ ಬರೆಯಿರಿ” ಎಂದು ಕಾಗದ ಕೊಟ್ಟ. ಬರೆಯುತ್ತ ಹೋದಂತೆ ನನಗೇ ಒಂದು ಕ್ರಮ ಗೋಚರಿಸಿತು. ಕಡತಗಳು ಮಾಯವಾದ ಪ್ರತಿ ಸಲವೂ ಅದರ ಹಿಂದಿನ ರಾತ್ರಿ ಯಂತ್ರಕ್ಕೆ ವಿದ್ಯುತ್ ಇರಲಿಲ್ಲ. ಒಮ್ಮೆ ಗಾಳಿಮಳೆಗೆ ಕರೆಂಟು ಹೋಗಿ ಯುಪಿಎಸ್ ಕೂಡ ಬರಿದಾಗಿತ್ತು. ಇನ್ನೊಮ್ಮೆ ಅಂಗಡಿಯಿಂದ ತಂದ ಯಂತ್ರವನ್ನು ನಾನೇ ಬೆಳಗಿನವರೆಗೆ ಜೋಡಿಸದೆ ಬಿಟ್ಟಿದ್ದೆ.

“ಆ ದಿನಗಳಲ್ಲಿ ತಾರೀಖು ಸರಿಯಾಗಿತ್ತೇ?” ಎಂದು ಕೇಳಿದ. ಇರಲಿಲ್ಲ. ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದು ತೋರಿಸಿ, ಇಂಟರ್‌ನೆಟ್ ಸಿಕ್ಕಿದೊಡನೆ ತಾನಾಗಿ ಸರಿಹೋಗುತ್ತಿತ್ತು. ಕಂಡಿದ್ದೆ, ಆದರೆ ನೋಡಿರಲಿಲ್ಲ.

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಆದ್ದರಿಂದಲೇ ಅದರ ಹೆಸರಿನಲ್ಲಿ 2032 ಎಂಬ ಸಂಖ್ಯೆ. ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಈ 3 ವೋಲ್ಟಿನ ಬಿಲ್ಲೆ. ನಮ್ಮ ಯಂತ್ರದಲ್ಲಿ ಮೂಲ ಸೆಟ್ಟಿಂಗುಗಳನ್ನು ನೆನಪಿನಲ್ಲಿಡುವುದೂ ಅದೇ ಆಗಿತ್ತು. ವರ್ಷಗಳಿಂದ ಬದಲಾಯಿಸದ ಕಾರಣ ಅದು ಸತ್ತಿತ್ತು. ಮೂರು ಡಿಸ್ಕುಗಳನ್ನು ಒಂದಾಗಿ ಕಾಣಬೇಕೆಂಬ ಸೆಟ್ಟಿಂಗನ್ನು ಯಂತ್ರ ಮರೆಯುತ್ತಿತ್ತು; ಮೂರೂ ಬಿಡಿಬಿಡಿಯಾಗಿ, ಅರ್ಥವಿಲ್ಲದೆ ಉಳಿಯುತ್ತಿದ್ದವು. ಡಿಸ್ಕು ಕೆಟ್ಟಿರಲಿಲ್ಲ. ಕಡತವೂ ಎಲ್ಲಿಗೂ ಹೋಗಿರಲಿಲ್ಲ. ಅಂದು ‘ಹೌದು’ ಎಂದು ಒತ್ತಿ ಮುಂದುವರಿದಿದ್ದರೆ, ಇದ್ದುದನ್ನು ನಾನೇ ನನ್ನ ಕೈಯಾರೆ ಕೆಡಿಸುತ್ತಿದ್ದೆ. ಹೊಸ ಬಿಲ್ಲೆ ಹಾಕಿ, ಸೆಟ್ಟಿಂಗನ್ನು ಮೊದಲಿನಂತೆ ಮಾಡಿದ ಮೇಲೆ ಉಗ್ರಾಣ ಮತ್ತೆ ಮಾಯವಾಗಲಿಲ್ಲ.

ಆದರೆ ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಸೆಟ್ಟಿಂಗ್ ಬದಲಾಗಿದೆ ಎಂದು ಆ ತರುಣ ಹೇಳಿದ್ದು ನಿಜವಾಗಿತ್ತು. ಬದಲಾಯಿಸಿದ್ದು ಮನುಷ್ಯನಲ್ಲ, ನನ್ನ ಅಲಕ್ಷ್ಯ. ವಸ್ತುವನ್ನು ನೋಡದೆ ಮುಟ್ಟುವುದು ಒಂದು ಪ್ರಮಾದವಾದರೆ, ಮನುಷ್ಯನನ್ನು ನೋಡದೆ ಮಾತಿನಿಂದ ಮುಟ್ಟುವುದು ಅದಕ್ಕಿಂತ ದೊಡ್ಡದು. ದಶಲಕ್ಷಣ ಪರ್ವದ ಅನಂತರ ಕ್ಷಮಾವಾಣಿಯ ದಿನ ಬಂತು. ಪ್ರತಿವರ್ಷ ಬಸದಿಯಲ್ಲಿ ಬಂಧುಮಿತ್ರರಿಗೆ ಕೈಮುಗಿದು ಕ್ಷಮೆ ಕೇಳುತ್ತೇವೆ. ನಾವು ನಿಜವಾಗಿ ನೋಯಿಸಿದವರು ಬಹುಶಃ ಅಲ್ಲಿರುವುದೇ ಇಲ್ಲ. ಆ ವರ್ಷ ಮಂಡ್ಯದ ಬಸ್ಸು ಹತ್ತಿದೆ. ಗಿರಾಕಿಗಳ ಎದುರಿನಲ್ಲಿ ಆಡಿದ ಮಾತನ್ನು ಗಿರಾಕಿಗಳ ಎದುರಿನಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ. ಅವನು “ಬಿಡಿ ಸಾರ್, ಬ್ಯಾಟರಿ ನೋಡದೇ ಇದ್ದದ್ದು ನನ್ನದೂ ತಪ್ಪು” ಎಂದು ಕುರ್ಚಿ ಎಳೆದು ಕೊಟ್ಟ.

ಟ್ರಸ್ಟಿನ ಸಭೆಯಲ್ಲಿಯೂ ಒಂದು ಆಲೋಚನೆ, ಅಂದರೆ ದೋಷನಿವೇದನೆ, ಉಳಿದಿತ್ತು. ‘ಸುರಕ್ಷಿತ’ ಎಂದಿದ್ದೆನಲ್ಲ, ಅದು ಸತ್ಯವಾಗಿರಲಿಲ್ಲ. ಮೂರು ಡಿಸ್ಕು ಇದ್ದರೂ ಪ್ರತಿ ಒಂದೇ. ಡಿಸ್ಕು ಕೆಟ್ಟರೆ ಈ ಏರ್ಪಾಟು ಕಾಪಾಡೀತು. ಬೆಂಕಿ, ಕಳವು, ಸಿಡಿಲು ಅಥವಾ ನನ್ನದೇ ಬೆರಳಿನ ತಪ್ಪಿನಿಂದ ಕಾಪಾಡಲಾರದು. ತಪ್ಪಾಗಿ ಅಳಿಸಿದ್ದನ್ನು ಅದು ಮೂರು ಡಿಸ್ಕುಗಳಿಂದಲೂ ಒಟ್ಟಿಗೆ ಅಳಿಸುತ್ತದೆ. ಇದನ್ನು ಒಪ್ಪಿಕೊಂಡಾಗ ಹಿರಿಯರೊಬ್ಬರು ಗದರಿಸಲಿಲ್ಲ, ಅತ್ತಿಮಬ್ಬೆಯನ್ನು ನೆನಪಿಸಿದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಆಕೆ ಹಂಚಿದಳೆಂಬ ಕಥೆ ನಮಗೆಲ್ಲ ಗೊತ್ತು. ಆಕೆ ಸಾವಿರವನ್ನೂ ತನ್ನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಕೊಟ್ಟದ್ದರಿಂದ ಕೃತಿ ಉಳಿಯಿತು.

ಈಗ ಮಂಡ್ಯದಲ್ಲೊಂದು, ಮಳವಳ್ಳಿಯಲ್ಲೊಂದು ಪ್ರತಿ ಬೇರೆ ಬೇರೆ ಕೈಗಳಲ್ಲಿವೆ. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಹೊದಿಸುವ ಪದ್ಧತಿ ನಮ್ಮಲ್ಲಿದೆ. ಅಂದೇ ಈ ಪ್ರತಿಗಳನ್ನೂ ತಂದು, ಒಂದೊಂದು ಕಡತವನ್ನು ತೆರೆದು ಓದಿ ನೋಡುತ್ತೇವೆ, ಇದೆಯೆಂದು ನಂಬುವುದಿಲ್ಲ. ಯಂತ್ರದ ಬಿಲ್ಲೆಯ ಮೇಲೆ ಅದನ್ನು ಹಾಕಿದ ತಾರೀಖನ್ನೂ ಬರೆದಿಟ್ಟಿದ್ದೇನೆ.