ಪಿ.ಬಿ. ರೋಡಿನ ಚಾದಂಗಡಿ

ಬೆಳಗಾವಿಯಲ್ಲಿ ಒಂದು ಪಿ.ಬಿ. ರೋಡ್ ಇದೆ. ಧಾರವಾಡದಲ್ಲೂ ಇದೆ. ಹುಬ್ಬಳ್ಳಿ, ಹಾವೇರಿ, ನಮ್ಮ ರಾಣೇಬೆನ್ನೂರು, ದಾವಣಗೆರೆ... ಎಲ್ಲ ಕಡೆ ಇದೆ. ಗಾಂಧಿ ರೋಡ್, ನೆಹರು ರೋಡ್ ಇದ್ದ ಹಾಗೆ ಇದೂ ಯಾರೋ ದೊಡ್ಡವರ ಹೆಸರಿರಬೇಕು ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಅದು ಪುಣೆ-ಬೆಂಗಳೂರು ರೋಡ್ ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ!

ಆ ರೋಡಿನ ಮೇಲೆ ಅಪ್ಪನ ಚಾದಂಗಡಿ ಇತ್ತು. ಚಾ, ಮಂಡಕ್ಕಿ, ಮಿರ್ಚಿ. ಅಷ್ಟೇ. ಬೆಂಗಳೂರಿನಿಂದ ಬರುವ ಲಾರಿಗಳೆಲ್ಲ ಊರೊಳಗೇ ಹಾಯ್ದು ಹೋಗಬೇಕಿತ್ತು. ರಾತ್ರಿ ಎರಡಕ್ಕೂ ಸ್ಟೋವ್ ಆರುತ್ತಿರಲಿಲ್ಲ. ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ, ತಡಸ, ಹುಬ್ಬಳ್ಳಿ ಅಂತ ಮುಂದಿನ ಊರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದು ಅಲ್ಲೇ, ಡ್ರೈವರುಗಳ ಮಾತು ಕೇಳಿ ಕೇಳಿ.

1999ರಲ್ಲಿ ವಾಜಪೇಯಿ ಸರ್ಕಾರ ಸುವರ್ಣ ಚತುಷ್ಪಥ ಯೋಜನೆ ಶುರು ಮಾಡಿತಲ್ಲ, ದಿಲ್ಲಿ-ಮುಂಬಯಿ-ಚೆನ್ನೈ-ಕೋಲ್ಕತ್ತ ಸೇರಿಸಿ 5,846 ಕಿಲೋಮೀಟರ್? ಅದರಲ್ಲಿ ನಮ್ಮ ರೋಡೂ ಬಂತು. ಅಗಲದ ರಸ್ತೆ ಊರ ಹೊರಗಿಂದ ಹೋಯಿತು. ಆಮೇಲೆ 2010ರಲ್ಲಿ ನಂಬರೂ ಬದಲಾಗಿ ಎನ್‌ಎಚ್ 4 ಹೋಗಿ 48 ಆಯಿತು. ನಮಗೆ ಉಳಿದಿದ್ದು ವಿಳಾಸದಲ್ಲಿರುವ 'ಪಿ.ಬಿ. ರೋಡ್' ಒಂದೇ. ಪುಣೆಯೂ ಅಲ್ಲಿ ಹಾಯುವುದಿಲ್ಲ, ಬೆಂಗಳೂರೂ ಹಾಯುವುದಿಲ್ಲ.

"ಗಾಡಿ ಹೊರಗಿಂದ ಹೊರಗ ಹೋದ್ರ ಚಾ ಕುಡಿಯೋರು ಯಾರು?" ಅಂತ ಅಪ್ಪ ಒಂದಷ್ಟು ದಿನ ಬೈದರು. ಆಮೇಲೆ ಬೈಯುವುದನ್ನೂ ಬಿಟ್ಟು ಅಂಗಡಿ ಮುಚ್ಚಿದರು. ಆ ರೋಡಿನ ಮೇಲೆ ಹತ್ತೋದಿಲ್ಲ ಅಂತ ಹಟ ಬೇರೆ. ಹರಿಹರಕ್ಕೆ ಹೋಗುವಾಗಲೂ ಹಳೇ ದಾರೀನೇ ಬೇಕು. ನನಗೂ ಹೆದ್ದಾರಿ ಮೇಲೆ ಸಿಟ್ಟಿತ್ತು. ಊರುಗಳನ್ನೆಲ್ಲ ಬರೀ ಹಸಿರು ಬೋರ್ಡು ಮಾಡಿಟ್ಟಿದೆ ಅಂತ ಸಿಕ್ಕವರ ಮುಂದೆಲ್ಲ ಭಾಷಣ ಬಿಗಿಯುತ್ತಿದ್ದೆ.

2017ರ ಡಿಸೆಂಬರಿನಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ದಾವಣಗೆರೆಗೇ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಪಕ್ಕದ ಮನೆಯವರ ಕಾರು. ಬೈಪಾಸ್ ಹತ್ತಿದ್ದೊಂದೇ ಗೊತ್ತು. ತುಂಗಭದ್ರೆ ದಾಟಿದ್ದು ಕೂಡ ನನಗೆ ತಿಳಿಯಲಿಲ್ಲ. ಮುಕ್ಕಾಲು ಗಂಟೆಯೊಳಗೆ ಆಸ್ಪತ್ರೆ ಬಾಗಿಲಲ್ಲಿದ್ದೆವು. "ಇನ್ನೊಂದರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಅಂದರು ಅಲ್ಲಿನ ಡಾಕ್ಟರು. ಹರಿಹರದ ಒಳಗೆ ಲಾರಿಗಳ ಹಿಂದೆ ನಿಲ್ಲುತ್ತಿದ್ದ ಆ ಹಳೇ ದಿನಗಳು ನೆನಪಾಗಿ ಕೈ ತಣ್ಣಗಾಯಿತು. ಆ ಭಾಷಣ ಆಮೇಲೆ ನಾನು ಮಾಡಿಲ್ಲ.

ಎಂಟು ದಿನಕ್ಕೆ ಡಿಸ್ಚಾರ್ಜ್. ವಾಪಸು ಬರುವಾಗ ಬೈಪಾಸಿನ ಹತ್ತಿರ ಅಪ್ಪ ಡ್ರೈವರಿನ ಹೆಗಲು ಮುಟ್ಟಿದರು.

"ತಮ್ಮಾ, ಈಗೇನ್ ಅವಸರ ಇಲ್ಲಲ್ಲ. ಒಳಗಿನ ರೋಡಿಗೆ ತಗೋ. ಹರಿಹರದಾಗ ಚಾ ಕುಡದು ಹೋಗೋಣು."

ಸಕ್ಕರೆ ಇಲ್ಲದ್ದು ಕುಡಿಸಿಕೊಂಡು ಬಂದೆ. ಅಂಗಡಿಯವನಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟರು ಅಪ್ಪ. ಯಾಕೆ ಅಂತ ನಾನು ಕೇಳಲಿಲ್ಲ.